ಸಾಲು, ಸರದಿ, ಪಂಕ್ತಿ: ಒಂದು ಶಬ್ದಪಟ್ಟಿಯ ಕುರಿತು ತಕರಾರು

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡ ಮನೆಗಳಲ್ಲಿ ಇಂಗ್ಲಿಷ್ ಕಲಿಕೆಯೆಂದರೆ ಇಂದು ಬಹುಮಟ್ಟಿಗೆ ಸಮಾನಾರ್ಥಕ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು ಎಂದಾಗಿದೆ. ಒಂದು ಪದ, ಅದರ ಎದುರಿಗೆ ಏಳೆಂಟು ಪದ. ಮಗು ಉರುಹೊಡೆಯುತ್ತದೆ, ಪೋಷಕರು ಸಂತೋಷಪಡುತ್ತಾರೆ. 'ಲೈನ್ ಅಪ್' ಎಂಬುದರ ಎದುರಿಗೆ ಕ್ಯೂ, ರೋ, ರ‍್ಯಾಂಕ್, ಫೈಲ್, ಅಲೈನ್, ಅರೇಂಜ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬರೆದಿರುವ ಇಂತಹ ಪಟ್ಟಿಗಳ ಬಗ್ಗೆ ನನಗೆ ಗಂಭೀರವಾದ ತಕರಾರಿದೆ. ಈ ಪದಗಳಲ್ಲಿ ಯಾವ ಎರಡೂ ಒಂದರ ಜಾಗದಲ್ಲಿ ಇನ್ನೊಂದು ನಿರಾಯಾಸವಾಗಿ ಕೂರುವಂಥವಲ್ಲ. ಅವುಗಳ ನಡುವಿನ ವ್ಯತ್ಯಾಸವನ್ನು ತಿಳಿಯಲು ನಮ್ಮ ಮಕ್ಕಳ ಕೈಯಲ್ಲಿ ಒಳ್ಳೆಯ ಸಾಧನವೊಂದು ಇದೆ. ಅದು ಮನೆಯ ಕನ್ನಡ. ಇಂಗ್ಲಿಷಿಗೆ ಅಡ್ಡಿಯಾದೀತೆಂದು ನಾವು ಮೊದಲು ಬದಿಗಿರಿಸುವುದೂ ಅದನ್ನೇ.

ಅರೇಂಜ್ ಎಂಬ ಒಂದು ಕ್ರಿಯಾಪದವನ್ನೇ ನೋಡೋಣ. ಇಂಗ್ಲಿಷಿನವನು ಪುಸ್ತಕಗಳನ್ನು, ಸಭೆಯನ್ನು, ಸಾಲದ ಹಣವನ್ನು, ಮದುವೆಯನ್ನು ಇದೊಂದೇ ಪದದಿಂದ ಮುಗಿಸಿಬಿಡುತ್ತಾನೆ. ಕನ್ನಡದ ಗೃಹಿಣಿ ಹಾಗೆ ಮಾಡಲಾರಳು. ಆಕೆ ಪುಸ್ತಕ ಜೋಡಿಸುತ್ತಾಳೆ, ಸಭೆ ಏರ್ಪಡಿಸುತ್ತಾಳೆ, ದುಡ್ಡು ಹೊಂದಿಸುತ್ತಾಳೆ, ಮದುವೆ ಗೊತ್ತುಮಾಡುತ್ತಾಳೆ. ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟರೆ ಅದು ಪೇರಿಸುವುದು; ಹುಲ್ಲಿನ ಬಣವೆಯಾದರೆ ಒಟ್ಟುವುದು; ಚೀಲದಲ್ಲಿ ಒತ್ತಿ ತುಂಬಿದರೆ ಅಡಕುವುದು. ಹಬ್ಬದ ಹಿಂದಿನ ದಿನ ಪೂಜೆಯ ಸಾಮಾನನ್ನು ಅಣಿಮಾಡುತ್ತಾರೆ. ಜೋಡಿಸಿದ್ದು ಕಣ್ಣಿಗೆ ಹಿತವಾಗಿ ಕಂಡರೆ ಅಲ್ಲಿ ಓರಣವಿದೆ. ಸಾಲು ಬೇರೆ, ಓರಣ ಬೇರೆ. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಸಂಸ್ಥೆ ಸೆಕ್ಟರುಗಳಾಗಿ ವಿಂಗಡಿಸಿ ಕಟ್ಟಿದ ನವಿಮುಂಬಯಿಗೆ ಓರಣವೆಂಬ ಮಾತು ಒಪ್ಪುತ್ತದೆ. ಡೊಂಬಿವಲಿಯ ಹಳೆಯ ಗಲ್ಲಿಗಳಲ್ಲಿ ಕಟ್ಟಡಗಳ ಸಾಲು ಧಾರಾಳವಾಗಿದೆ, ಓರಣದ ಮಾತು ಬೇಡ. (ಡೊಂಬಿವಲಿಯವನಾಗಿ ಇಷ್ಟು ಹೇಳುವ ಹಕ್ಕು ನನಗಿದೆ.) ಈ ಭೇದಗಳನ್ನು ಬಲ್ಲ ಮಗುವಿಗೆ ಅರೇಂಜ್, ಸ್ಟ್ಯಾಕ್, ಪ್ಯಾಕ್, ಪ್ರಿಪೇರ್, ಅಲೈನ್ ಪದಗಳನ್ನು ಕಲಿಸುವುದು ಕಷ್ಟವಲ್ಲ. ಅರ್ಥಗಳ ಮನೆ ಅದರ ತಲೆಯಲ್ಲಿ ಮೊದಲೇ ಕಟ್ಟಿದೆ, ಬಾಗಿಲಿಗೆ ಹೊಸ ಹೆಸರು ಬರೆದರೆ ಸಾಕು.

ಕೆಲವೆಡೆ ಇದು ತಿರುವುಮುರುವಾಗುತ್ತದೆ. ಹೊಲದಲ್ಲಿ ನೇಗಿಲು ಎಳೆದದ್ದು ಸಾಲು, ಪುಸ್ತಕದ ಪುಟದಲ್ಲಿರುವುದೂ ಸಾಲು, ತಿಮ್ಮಕ್ಕನವರ ಹೆಸರಿಗೆ ಅಂಟಿಕೊಂಡ ಮರಗಳದ್ದೂ ಸಾಲು. ಇಂಗ್ಲಿಷಿಗೆ ಹೋದೊಡನೆ ಇದು ಫರೋ, ಲೈನ್, ರೋ ಎಂದು ಒಡೆಯುತ್ತದೆ. ಚೀನೀ ಭಾಷೆಯವರ ಪಾಡೂ ಇದೇ. ಅಲ್ಲಿ 'ಪಾಯ್' ಎಂಬ ಒಂದು ಅಕ್ಷರವಿದೆ. ಜನ ಸರದಿಯಲ್ಲಿ ನಿಂತರೆ 'ಪಾಯ್‌ದುಯ್', ಕೆಲಸವನ್ನು ಏರ್ಪಾಡು ಮಾಡಿದರೆ 'ಆನ್‌ಪಾಯ್', ವಾಲಿಬಾಲ್ ಆಟಕ್ಕೂ 'ಪಾಯ್‌ಚಿಯು'. ಇಂಥ ವಿದ್ಯಾರ್ಥಿಗೆ ರೋ ಯಾವುದು, ಲೈನ್ ಯಾವುದು, ಕ್ಯೂ ಯಾವುದು ಎಂದು ಬಿಡಿಸಿ ಹೇಳಬೇಕಾಗುತ್ತದೆ. ಪಕ್ಕಪಕ್ಕದಲ್ಲಿ ಕುಳಿತರೆ ರೋ. ಒಬ್ಬರ ಬೆನ್ನಿಗೆ ಒಬ್ಬರು ಸಾಗಿದರೆ ಫೈಲ್. ಏನನ್ನೋ ಪಡೆಯಲು ಕಾಯುತ್ತಿದ್ದರೆ ಕ್ಯೂ. ರಂಗಮಂದಿರದ ಕುರ್ಚಿಗಳು ಎಂದಿಗೂ ಕ್ಯೂ ಆಗಲಾರವು, ಏಕೆಂದರೆ ಅವು ಯಾವುದಕ್ಕೂ ಕಾಯುತ್ತಿಲ್ಲ. ಕಲಿಯುವವನ ಭಾಷೆಯಲ್ಲಿ ಒಂದಾಗಿರುವುದು ಕಲಿಯಬೇಕಾದ ಭಾಷೆಯಲ್ಲಿ ಎಲ್ಲಿ ಒಡೆಯುತ್ತದೆ ಎಂಬುದನ್ನು ತೋರಿಸುವವನೇ ಶಿಕ್ಷಕ. ಎಲ್ಲವನ್ನೂ ಒಂದೇ ಎನ್ನುವ ಪಟ್ಟಿ ಈ ಕೆಲಸವನ್ನು ಮಾಡುವುದಿಲ್ಲ.

ನಮ್ಮ ಊರುಗಳಲ್ಲಿ ಲೈನ್ ಪದಕ್ಕೆ ಇನ್ನೂ ಒಂದು ಅರ್ಥವಿದೆ. ಸೆಂಟ್ರಲ್ ಲೈನ್, ಹಾರ್ಬರ್ ಲೈನ್ ಎಂದೇ ಇಲ್ಲಿ ಜನರ ವಿಳಾಸ ಶುರುವಾಗುತ್ತದೆ. ರೈಲು ನಿಲ್ದಾಣದ ಹೊರಗೆ ಮರಾಠಿಯ 'ರಾಂಗ್' ಇದೆ. ಕರ್ನಾಟಕದಿಂದ ಹೊಸದಾಗಿ ಬಂದವರು 'ರಾಂಗೇತ್ ಯಾ' ಎಂಬ ಕೂಗನ್ನು ಕೇಳಿ, ತಮ್ಮಿಂದ ಏನೋ ತಪ್ಪಾಯಿತೆಂದು ಗಾಬರಿಯಾಗುವುದುಂಟು. ಸಾಲಿನಲ್ಲಿ ಬನ್ನಿ ಎಂದಷ್ಟೇ ಅದರ ಅರ್ಥ.

ಇಂಗ್ಲಿಷ್ ಪದಗಳ ಪೂರ್ವಾಪರವನ್ನು ವಿಚಾರಿಸಿದರೆ ನೂಲಿನ ಅಂಗಡಿಗೇ ಹೋದಂತಾಗುತ್ತದೆ. ಲೈನ್ ಪದದ ಮೂಲ ಅಗಸೆಯ ನಾರಿನ ಲ್ಯಾಟಿನ್ ಹೆಸರು. ಫೈಲ್ ಎಂದರೆ ದಾರ. ಕಾಗದಗಳನ್ನು ದಾರಕ್ಕೆ ಪೋಣಿಸಿಡುತ್ತಿದ್ದುದರಿಂದ ಕಚೇರಿಯ ಫೈಲಿಗೆ ಆ ಹೆಸರು. ಆರ್ಡರ್ ಪದದ ಮೂಲವನ್ನು ಮಗ್ಗದಲ್ಲಿ ಜೋಡಿಸಿದ ಎಳೆಗಳ ಸಾಲಿನಲ್ಲಿ ಗುರುತಿಸುತ್ತಾರೆ. ಭಿವಂಡಿಯ ವಿದ್ಯುತ್ ಮಗ್ಗಗಳ ಸದ್ದಿನ ನಡುವೆ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಾಸಿನ ಒಂದು ಎಳೆ ಸ್ಥಾನ ತಪ್ಪಿದರೆ ಬಟ್ಟೆಯುದ್ದಕ್ಕೂ ಅದು ಕಾಣುತ್ತದೆ. ನಮ್ಮ ಕಡತವೂ ಹಿಂದೆ ಬಟ್ಟೆಯೇ ಆಗಿತ್ತು. ಹುಣಸೆಬೀಜದ ಅಂಟು ಮತ್ತು ಇದ್ದಿಲನ್ನು ಬಳಿದು, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಬಟ್ಟೆ. ದಿನವಿಡೀ ಕಡತಗಳ ನಡುವೆ ಕೂರುವ ಕೇಂದ್ರ ಸರಕಾರಿ ನೌಕರನಾದ ನನಗೆ ಈ ನೆಂಟಸ್ತಿಕೆ ಸ್ವಲ್ಪ ಸಮಾಧಾನ ಕೊಡುತ್ತದೆ. ಕಚೇರಿಯ ಇಂಗ್ಲಿಷ್ ಮಾತ್ರ ಕೊಡುವುದಿಲ್ಲ. 'ಕೈಂಡ್ಲಿ ಅರೇಂಜ್' ಎಂಬ ಎರಡು ಪದಗಳಿಂದ ನಮ್ಮ ಪತ್ರವ್ಯವಹಾರದ ಅರ್ಧಭಾಗ ನಡೆಯುತ್ತದೆ. ಯಾರು, ಏನನ್ನು, ಹೇಗೆ ಮಾಡಬೇಕೆಂದು ಅದು ಹೇಳುವುದಿಲ್ಲ. ಜೋಡಿಸುವುದೋ, ಹೊಂದಿಸುವುದೋ, ಏರ್ಪಡಿಸುವುದೋ ಎಂದು ಕನ್ನಡದಲ್ಲಿ ಒಮ್ಮೆ ಕೇಳಿಕೊಂಡರೆ ಬರೆಯುವವನಿಗೇ ತನಗೆ ಬೇಕಾದದ್ದು ಸ್ಪಷ್ಟವಾಗುತ್ತದೆ. ಕಳುಹಿಸಿ, ನೇಮಿಸಿ, ಖರೀದಿಸಿ ಎಂಬ ನೇರವಾದ ಇಂಗ್ಲಿಷ್ ಕ್ರಿಯಾಪದವೂ ಸಿಗುತ್ತದೆ.

ಇನ್ನು ಪಂಕ್ತಿ. ಇದರ ತದ್ಭವವಾದ ಹಂತಿ ಉತ್ತರ ಕರ್ನಾಟಕದ ಕಣದಲ್ಲಿದೆ. ಮೇಟಿಯ ಸುತ್ತ ತೆನೆ ತುಳಿಯಲು ಸಾಲಾಗಿ ಕಟ್ಟಿದ ಎತ್ತುಗಳು ಹಂತಿ. ಆಗ ಹಾಡುವುದು ಹಂತಿಯ ಹಾಡು. ಇಲ್ಲಿ ಸಾಲು ನೇರವಾಗಿ ಹೋಗುವುದಿಲ್ಲ, ಸುತ್ತುತ್ತದೆ. ಇಂಗ್ಲಿಷಿನ ರ‍್ಯಾಂಕ್, ರೇಂಜ್, ಅರೇಂಜ್ ಪದಗಳೂ ಫ್ರೆಂಚ್ ದಾರಿಯಾಗಿ ಬಂದು, ಮೂಲದಲ್ಲಿ ವೃತ್ತ, ಬಳೆ ಎಂಬ ಅರ್ಥದ ಹಳೆಯ ಜರ್ಮಾನಿಕ್ ಪದದಲ್ಲಿ ಸೇರುತ್ತವೆ. ದುಂಡಾಗಿ ನೆರೆದ ಜನರ ಗುಂಪು ಕಾಲಕ್ರಮದಲ್ಲಿ ಸಾಲಾಯಿತು, ಸಾಲು ಅಂತಸ್ತಾಯಿತು. ಅಂತಸ್ತು ನಮ್ಮ ಪಂಕ್ತಿಗೂ ಅಂಟಿಕೊಂಡಿದೆ. ಯಾರು ಯಾರೊಂದಿಗೆ ಊಟಕ್ಕೆ ಕೂರಬಹುದು, ಯಾರಿಗೆ ಮೊದಲು ಬಡಿಸಬೇಕು ಎಂಬ ಲೆಕ್ಕಾಚಾರಕ್ಕೆ ಪಂಕ್ತಿಭೇದವೆಂಬ ಹೆಸರೇ ಇದೆ. ಆದ್ದರಿಂದ ಪಂಕ್ತಿಯನ್ನು ರೋ ಎಂದು ಅನುವಾದಿಸಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. ರೋ ಪದಕ್ಕೆ ಈ ಇತಿಹಾಸವಿಲ್ಲ. ನಮ್ಮ ಮಕ್ಕಳಿಗೆ ಈ ಪದ ಪೂರ್ತಿ ಮರೆತುಹೋದರೆ ಪಂಕ್ತಿಭೇದದ ವಿರುದ್ಧ ನಡೆದ ಹೋರಾಟಗಳೂ ಅವರಿಗೆ ಅರ್ಥವಾಗದೆ ಹೋದಾವು.

ಸರದಿಯ ಸ್ವಭಾವ ಬೇರೆ. ಮೊದಲು ಬಂದವರು ಯಾರೇ ಆಗಲಿ, ಮೊದಲು ಅವರಿಗೆ. ಸಂಜೆ ಡೊಂಬಿವಲಿ, ಕಲ್ಯಾಣ, ಠಾಣೆಯ ನಿಲ್ದಾಣಗಳ ಹೊರಗೆ ಶೇರ್ ರಿಕ್ಷಾಕ್ಕೆ ನಿಂತವರನ್ನು ನೋಡಿ. ಅಲ್ಲಿ ಎರಡು ಸಾಲುಗಳಿವೆ. ಜನರದು ಕ್ಯೂ, ವಾಹನಗಳು ಬಾಡಿಗೆಗೆ ಕಾಯುವ ತಾಣವನ್ನು ಬ್ರಿಟಿಷರು ರ‍್ಯಾಂಕ್ ಎನ್ನುತ್ತಾರೆ. ಎರಡಕ್ಕೂ ಕನ್ನಡದಲ್ಲಿ ಸರದಿ ಎಂದರೆ ಸಾಕು. ರೈಲಿನೊಳಗಿನ ವಿಷಯ ಇನ್ನೂ ಸ್ವಾರಸ್ಯದ್ದು. ಕಿಕ್ಕಿರಿದ ಡಬ್ಬಿಯಲ್ಲಿ ನಿಂತವರು ಕುಳಿತವರನ್ನು 'ಎಲ್ಲಿ ಇಳಿಯುತ್ತೀರಿ' ಎಂದು ಕೇಳುತ್ತಾರೆ. 'ಘಾಟಕೋಪರ್' ಎಂಬ ಉತ್ತರ ಬಂದ ಕ್ಷಣದಿಂದ ಆ ಸೀಟು ಕೇಳಿದವರದು. ಆಮೇಲೆ ಇನ್ನೊಬ್ಬರು ಕೇಳಿದರೆ, ಕುಳಿತವರೇ ಮೊದಲು ಕೇಳಿದವರತ್ತ ಬೆರಳು ತೋರುತ್ತಾರೆ. ಇಲ್ಲಿ ಲೈನ್ ಇಲ್ಲ, ರೋ ಇಲ್ಲ, ಕಾಲಿಡಲು ಜಾಗವೂ ಇಲ್ಲ. ಸರದಿ ಮಾತ್ರ ಅಚ್ಚುಕಟ್ಟಾಗಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಒಪ್ಪುವ ಪದ 'ಟರ್ನ್'. ನಮ್ಮ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ!

ಮನೆಯಲ್ಲಿ ಕನ್ನಡ ಹೆಚ್ಚಾದರೆ ಮಕ್ಕಳ ಇಂಗ್ಲಿಷ್ ಕೆಡುತ್ತದೆಂಬ ಹೆದರಿಕೆ ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ಆಳವಾಗಿದೆ. ಇಂಗ್ಲಿಷಿನಲ್ಲಿ ಎಂ.ಎ. ಓದಿದವನ ಅಭಿಪ್ರಾಯಕ್ಕೆ ಅವರು ಬೆಲೆ ಕೊಡುವುದಾದರೆ, ನನ್ನದು ಇದಕ್ಕೆ ವಿರುದ್ಧ. ಕನ್ನಡದಲ್ಲಿ 'ಲೈನ್ ಮಾಡು', 'ಅರೇಂಜ್ ಮಾಡು', 'ಸೆಟ್ ಮಾಡು' ಎಂಬ ಮೂರು ಮಾತುಗಳಿಂದ ಬದುಕುವ ಮಗು ಇಂಗ್ಲಿಷಿನಲ್ಲಿಯೂ ಆ ಮೂರರಿಂದಲೇ ಬದುಕುತ್ತದೆ. ತುಳು, ಕೊಂಕಣಿ ಮನೆಮಾತಿನವರಿಗೂ ಈ ಮಾತು ಅನ್ವಯಿಸುತ್ತದೆ. ಅವರ ಮನೆಗಳಲ್ಲಿಯೂ ಇಂತಹ ಪದಗಳ ಸಂಪತ್ತು ಇದ್ದೇ ಇದೆ. ಬಾಯಿಪಾಠದ ಪಟ್ಟಿಯನ್ನು ಒಂದು ತಿಂಗಳು ಮಡಿಸಿಟ್ಟು, ಅಡುಗೆಮನೆಯ ಡಬ್ಬಿ, ಕಪಾಟಿನ ಬಟ್ಟೆ, ಊಟದ ಎಲೆ, ರಿಕ್ಷಾದ ಸರದಿ ಇವುಗಳ ಮುಂದೆ ಮಗುವನ್ನು ನಿಲ್ಲಿಸಿ ಮೊದಲು ಮನೆಮಾತಿನ ಕ್ರಿಯಾಪದವನ್ನು, ನಂತರ ಇಂಗ್ಲಿಷಿನದನ್ನು ಕೇಳಿ ನೋಡಬಹುದು. ಒಂದು ತೊಡಕು ಮಾತ್ರ ಬಂದೀತು. ವಿಜಯಪುರದ ಕಡೆಯ ಅಜ್ಜಿ 'ಪಾಳಿ ಹಚ್ಚು' ಎಂದಾರು, ಮೈಸೂರು ಸೀಮೆಯ ಅಳಿಯ 'ಪಾಳಿ ಎಂದರೆ ಕಾರ್ಖಾನೆಯದಲ್ಲವೇ' ಎಂದಾರು. ಆ ಜಗಳವನ್ನು ಮಕ್ಕಳು ಕೇಳಿಸಿಕೊಳ್ಳಲಿ.