ಪೆನ್‌ಡ್ರೈವಿನೊಳಗೊಬ್ಬ ಲೆಕ್ಕಿಗ

ಮಕ್ಕಳೇ, ಸ್ಲೇಟಿನ ಮೇಲೆ ಒಂದಕ್ಷರ ತಪ್ಪಿದರೆ ಅಷ್ಟನ್ನೇ ಬೆರಳಿನಿಂದ ಒರೆಸಿ ತಿದ್ದಬಹುದು. ಹಾಗೆ ತಿದ್ದಲು ಬಾರದ ಸ್ಲೇಟೊಂದನ್ನು ಊಹಿಸಿಕೊಳ್ಳಿ. ಒಂದಕ್ಷರ ಹೋಗಬೇಕಾದರೂ ಇಡೀ ಸ್ಲೇಟನ್ನೇ ತೊಳೆಯಬೇಕು. ಮತ್ತೆ ಮತ್ತೆ ತೊಳೆದರೆ ಸ್ಲೇಟೇ ಸವೆಯುತ್ತದೆ. ಮೊಬೈಲು, ಪೆನ್‌ಡ್ರೈವುಗಳಲ್ಲಿರುವ ಫ್ಲ್ಯಾಶ್ ಮೆಮೊರಿ ಇಂಥದೇ ಸ್ಲೇಟು.

ಜಪಾನಿನ ತೋಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುಒಕ ಇದನ್ನು 1984ರಲ್ಲಿ ಲೋಕದ ಮುಂದಿಟ್ಟರು. ಒಂದೇ ಸಲಕ್ಕೆ ಅಳಿಸಿಹೋಗುವ ರೀತಿ ಕ್ಯಾಮೆರಾದ ಫ್ಲ್ಯಾಶನ್ನು ನೆನಪಿಸಿತೆಂದು ಅವರ ಸಹೋದ್ಯೋಗಿಯೊಬ್ಬರು ಆ ಹೆಸರು ಸೂಚಿಸಿದರಂತೆ.

ಇದರಲ್ಲಿ ಬರೆಯುವುದು ಪುಟದ ಲೆಕ್ಕದಲ್ಲಿ, ಅಳಿಸುವುದು ಬ್ಲಾಕಿನ ಲೆಕ್ಕದಲ್ಲಿ. ಹತ್ತಾರು, ನೂರಾರು ಪುಟ ಸೇರಿ ಒಂದು ಬ್ಲಾಕು. ಕಂಪ್ಯೂಟರು ಮಾತ್ರ ಇದನ್ನೆಲ್ಲ ನೋಡದೆ, '25ನೇ ಜಾಗದಲ್ಲಿ ಇದನ್ನು ಬರೆ' ಎಂದುಬಿಡುತ್ತದೆ. ನಡುವೆ ನಿಂತು ನಿಭಾಯಿಸುವ ತಂತ್ರಾಂಶವೇ ಫ್ಲ್ಯಾಶ್ ಟ್ರಾನ್ಸ್‌ಲೇಷನ್ ಲೇಯರ್. ನಾವು ಅದನ್ನು ಲೆಕ್ಕಿಗ ಎನ್ನೋಣ. ಇಸ್ರೇಲಿನ ಎಂ-ಸಿಸ್ಟಮ್ಸ್ ಕಂಪನಿಯ ಅಮೀರ್ ಬಾನ್ ಅವರಿಗೆ ಇಂಥದೊಂದು ವಿಧಾನಕ್ಕೆ 1995ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು.

ಕಂಪ್ಯೂಟರು ಬರುವ ಮೊದಲು ಬ್ಯಾಂಕಿನಲ್ಲಿ ನಾವು ದಪ್ಪ ಲೆಡ್ಜರು ಬರೆಯುತ್ತಿದ್ದೆವು. ಖಾತೆಯ ಪುಟ ತುಂಬಿದರೆ ಬಾಕಿಯನ್ನು ಹೊಸ ಪುಟಕ್ಕೆ ಒಯ್ದು, ಸೂಚಿಯಲ್ಲಿ ಪುಟದ ಸಂಖ್ಯೆ ತಿದ್ದುತ್ತಿದ್ದೆವು. ಗ್ರಾಹಕರ ಖಾತೆ ನಂಬರು ಬದಲಾಗುತ್ತಿರಲಿಲ್ಲ. ಲೆಕ್ಕಿಗನದೂ ಅದೇ ಉಪಾಯ. 25ನೇ ಜಾಗಕ್ಕೆ ಹೊಸ ಬರಹ ಬಂದರೆ ಹಳೆಯದನ್ನು ಮುಟ್ಟದೆ ಖಾಲಿ ಪುಟದಲ್ಲಿ ಬರೆಯುತ್ತಾನೆ. ಆಮೇಲೆ ಸೂಚಿ ತಿದ್ದುತ್ತಾನೆ. ಹಳೆಯ ಪುಟ ರದ್ದಿಯಾಗುತ್ತದೆ.

ರದ್ದಿ ಹೆಚ್ಚಾದ ಬ್ಲಾಕಿನಿಂದ ಬೇಕಾದ ಪುಟಗಳನ್ನು ಬೇರೆಡೆ ನಕಲು ಮಾಡಿ, ನಂತರವೇ ಆ ಬ್ಲಾಕನ್ನು ತೊಳೆಯುತ್ತಾನೆ. ಅದಕ್ಕೆ ಒಂದಿಷ್ಟು ಜಾಗ ಸದಾ ಖಾಲಿ ಬೇಕು. ತುಂಬಿ ತುಳುಕುವ ಫೋನು ನಿಧಾನವಾಗಲು ಇದೂ ಒಂದು ಕಾರಣ. ಒಂದೇ ಬ್ಲಾಕು ಸವೆಯದಂತೆ ಕೆಲಸವನ್ನು ಸರದಿಯ ಮೇಲೆ ಎಲ್ಲ ಬ್ಲಾಕುಗಳಿಗೂ ಹಂಚುತ್ತಾನೆ.

ನಡುವೆ ಕರೆಂಟು ಹೋದರೆ? ಒಳ್ಳೆಯ ಲೆಕ್ಕಿಗ ಪ್ರತಿ ಪುಟದ ಅಂಚಿನಲ್ಲಿ 'ಇದು ಯಾವ ಜಾಗದ್ದು, ಎಷ್ಟನೆಯ ಸಲದ್ದು' ಎಂದು ಗುರುತು ಹಾಕಿರುತ್ತಾನೆ. ಕರೆಂಟು ಬಂದಾಗ ಅದನ್ನೋದಿ ಸೂಚಿಯನ್ನು ಮತ್ತೆ ಕಟ್ಟುತ್ತಾನೆ. ಆದರೆ ಎಲ್ಲ ಅಗ್ಗದ ಪೆನ್‌ಡ್ರೈವುಗಳಲ್ಲೂ ಇಷ್ಟು ಜಾಣ ಲೆಕ್ಕಿಗನಿರುತ್ತಾನೆಂದು ನಂಬಬೇಡಿ. ಬರೆಯುತ್ತಿರುವಾಗ ಎಳೆದುಬಿಟ್ಟರೆ ಸೂಚಿ ಕೆಡಬಹುದು. ಆಗ ಫೋಟೋ ಒಳಗಿದ್ದರೂ ಎಲ್ಲಿದೆಯೆಂದು ಹೇಳುವವರಿಲ್ಲ. ಆದ್ದರಿಂದ 'ಇಜೆಕ್ಟ್' ಒತ್ತಿಯೇ ತೆಗೆಯಿರಿ.

ಅಜ್ಜ ಅಜ್ಜಿಯರಿಗೆ ಒಂದು ಮಾತು: ಫ್ಲ್ಯಾಶ್ ಮೆಮೊರಿಯಲ್ಲಿ ಬರಹ ನಿಲ್ಲುವುದು ವಿದ್ಯುತ್ ಕಣಗಳ ಬಲದಿಂದ. ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಅವು ಮೆಲ್ಲಗೆ ಸೋರುತ್ತವೆ. ಮದುವೆಯ ಫೋಟೋ, ಮೊಮ್ಮಕ್ಕಳ ಮೊದಲ ಹೆಜ್ಜೆಯ ವಿಡಿಯೊ ಇವಕ್ಕೆ ಬೇರೆ ಕಡೆ ಇನ್ನೊಂದು ಪ್ರತಿ ಇರಲೇಬೇಕು.

ಈ ವಾರದ ಆಟ: ಹಾಳೆಯಲ್ಲಿ 4 ಬ್ಲಾಕು ಎಳೆಯಿರಿ, ಒಂದೊಂದರಲ್ಲಿ 4 ಪುಟ. ಅಜ್ಜಿ 1ರಿಂದ 8ರೊಳಗೆ ಒಂದು ಜಾಗ ಹೇಳಿ ಒಂದು ಪದ ಕೊಡಲಿ, ಮೊಮ್ಮಗು ಲೆಕ್ಕಿಗನಾಗಲಿ. ಒಂದು ಬ್ಲಾಕು ಯಾವಾಗಲೂ ಖಾಲಿ ಉಳಿಯಬೇಕು, ರಬ್ಬರು ಇಡೀ ಬ್ಲಾಕಿಗೆ ಮಾತ್ರ. 30 ಪದದ ನಂತರ ಪ್ರತಿ ಬ್ಲಾಕನ್ನು ಎಷ್ಟು ಸಲ ಅಳಿಸಿದಿರಿ, ಎಣಿಸಿ. ಸಂಖ್ಯೆಗಳು ಹತ್ತಿರ ಹತ್ತಿರ ಇದ್ದರೆ ನೀವು ಒಳ್ಳೆಯ ಲೆಕ್ಕಿಗರು.