ಮನೆ ನಮ್ಮದು, ಹಿನ್ನೆಲೆ ಯಾರದು?

ನಮ್ಮ ಚಳ್ಳಕೆರೆಯಲ್ಲಿ ಈಗ ಮನೆ ಕಟ್ಟಿಸುವವರ ಕೈಗೆ ಪ್ಲಾನಿಗಿಂತ ಮೊದಲು ಒಂದು ಬಣ್ಣದ ಚಿತ್ರ ಬರುತ್ತದೆ. ಕಂಪ್ಯೂಟರಿನಲ್ಲಿ ಮಾಡಿದ್ದು. ಮನೆಯೇನೋ ಮೂವತ್ತು-ನಲವತ್ತರ ಸೈಟಿನದೇ. ಆದರೆ ಅದರ ಹಿಂದೆ ಪೈನ್ ಮರಗಳ ಸಾಲು, ಮುಂದೆ ಒಪ್ಪವಾಗಿ ಕತ್ತರಿಸಿದ ಹಸಿರು ಹುಲ್ಲು, ಮೇಲೆ ಅರಳೆಯಂಥ ಮೋಡ. ಒಂದು ಚಿತ್ರದಲ್ಲಂತೂ ಹಿಮದ ಬೆಟ್ಟವನ್ನೂ ಕಂಡೆ. ವರ್ಷಕ್ಕೆ 500 ಮಿಲಿಮೀಟರ್ ಮಳೆಗೂ ಬಾಯಿಬಿಡುವ ಊರಿಗೆ ಈ ಸೊಗಸನ್ನು ತಂದಿಟ್ಟವರು ಯಾರು? ನನ್ನ ತಕರಾರು ಮನೆಯ ಮೇಲಲ್ಲ, ಈ ಹಿನ್ನೆಲೆಯ ಮೇಲೆ.

‘ಅದು ಬರೀ ಅಲಂಕಾರಕ್ಕೆ ಮೇಡಂ’ ಎನ್ನುತ್ತಾರೆ ಚಿತ್ರ ಮಾಡುವ ಹುಡುಗರು. ಹಿಂದೆ ಫೋಟೋ ಸ್ಟುಡಿಯೋಗಳಲ್ಲಿ ತಾಜಮಹಲಿನ ಪರದೆ ಇರಲಿಲ್ಲವೇ ಎಂದು ನನಗೇ ಪಾಟೀಸವಾಲು. ಇತ್ತಪ್ಪ. ಮದುವೆಯ ಹೊಸದರಲ್ಲಿ ನಾವೂ ಸರೋವರದ ಪರದೆಯ ಮುಂದೆ ನಿಂತವರೇ. ಆದರೆ ಅದನ್ನು ನೋಡಿ ಯಾರೂ ದೋಣಿ ಕೊಳ್ಳಲಿಲ್ಲ! ಈ ಚಿತ್ರ ನೋಡಿ ಜನ ಇಪ್ಪತ್ತು ವರ್ಷದ ಸಾಲ ತೆಗೆಯುತ್ತಾರೆ.

ನನಗೆ ಪರಿಚಯದ ಒಬ್ಬ ನಿವೃತ್ತ ಶಿಕ್ಷಕಿ ಗ್ರಾಚ್ಯುಟಿಯ ಹಣವೆಲ್ಲ ಸುರಿದು ಮನೆ ಕಟ್ಟಿಸಿದರು. ಚಿತ್ರದಲ್ಲಿ ಪಶ್ಚಿಮದ ಗೋಡೆ ತುಂಬ ಗಾಜು, ಗಾಜಿನಾಚೆ ದಟ್ಟ ಮರ, ಮರದ ಎಲೆಗಳಿಂದ ಸೋಸಿ ಬಂದ ತಂಪು ಬೆಳಕು. ಸೈಟಿನ ಪಶ್ಚಿಮಕ್ಕೆ ನಿಜವಾಗಿ ಇರುವುದು ರಸ್ತೆ ಮತ್ತು ಎಣ್ಣೆಮಿಲ್ಲಿನ ಬೋಳು ಗೋಡೆ. ಬೇಸಿಗೆಯಲ್ಲಿ ಮೂರು ಗಂಟೆಯಾಯಿತೆಂದರೆ ಆ ಹಾಲಿನಲ್ಲಿ ಕೂರುವಂತಿಲ್ಲ. ಗಾಜಿಗೆ ಈಗ ಕಂಬಳಿ ಇಳಿಬಿಟ್ಟಿದ್ದಾರೆ. ಚಳ್ಳಕೆರೆಯ ಕಂಬಳಿ ಚಳಿಗೆ ಹೆಸರಾದದ್ದು, ಬಿಸಿಲಿಗೂ ಬಂತು ನೋಡಿ. ಮರವಿಲ್ಲದ ಚಿತ್ರ ತೋರಿಸಿದ್ದರೆ ಆ ಗಾಜಿಗೆ ಅವರು ಒಪ್ಪುತ್ತಿದ್ದರೇ?

ತಂತ್ರಾಂಶವನ್ನು ದೂರುವುದು ನ್ಯಾಯವಲ್ಲ. ಸ್ಕೆಚ್‌ಅಪ್ ಎಂಬುದು 2000ದಿಂದ ಬಳಕೆಯಲ್ಲಿದೆ. ಅದರಲ್ಲಿ ನಮ್ಮದೇ ಸೈಟಿನ ಫೋಟೋವನ್ನು ಮನೆಯ ಹಿಂದೆ ಕೂರಿಸಬಹುದು. ನಿಂತವರ ಕಣ್ಣಿನ ಎತ್ತರದಿಂದ ಫೋಟೋ ತೆಗೆದು, ಅದರ ದಿಗಂತಕ್ಕೂ ಮನೆಯ ಗೆರೆಗಳಿಗೂ ಹೊಂದಿಸಿದರಾಯಿತು. ಊರಿನ ಅಕ್ಷಾಂಶ, ತಿಂಗಳು, ಗಂಟೆ ಕೊಟ್ಟರೆ ನೆರಳು ಎಲ್ಲಿ ಬೀಳುತ್ತದೆಂಬುದನ್ನೂ ತೋರಿಸುತ್ತದೆ. ನಾವಿರುವುದು ಉತ್ತರ ಅಕ್ಷಾಂಶ 14 ಡಿಗ್ರಿ ಚಿಲ್ಲರೆಯಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಯುರೋಪಿನ ಆಕಾಶ ಅಂಟಿಸಿದವರಿಗೆ ಇದೆಲ್ಲಿ ತಿಳಿಯಬೇಕು? ನಾನು ನೋಡಿದ ಒಂದು ಚಿತ್ರದಲ್ಲಿ ಮರದ ನೆರಳು ಎಡಕ್ಕೆ, ಮನೆಯ ನೆರಳು ಬಲಕ್ಕೆ. ನನ್ನ ಏಳನೆಯ ತರಗತಿಯ ಮಕ್ಕಳಿಗೆ ತೋರಿಸಿದರೆ ‘ಮಿಸ್, ಎರಡು ಸೂರ್ಯ!’ ಎಂದು ನಕ್ಕರು.

ಮತ್ತೆ, ನಮ್ಮ ಹಿನ್ನೆಲೆ ಅಷ್ಟು ಬಡವೇ? ತಳಕು ದಾಟಿ ಮೊಳಕಾಲ್ಮುರಿನ ಕಡೆ ಬಸ್ಸಿನಲ್ಲಿ ಹೋಗಿ ನೋಡಿ. ಬಂಡೆಯ ಮೇಲೆ ಬಂಡೆ ಪೇರಿಸಿದ ಗುಡ್ಡಗಳು, ಬೇವು, ಹುಣಸೆ, ಶೇಂಗಾ ಹೊಲ. ಆ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಇಂಥ ಕಲ್ಲನ್ನು ಅಳಿಸಿ ಪೈನ್ ಮರ ನೆಡುವುದು ಯಾವ ಅಂದ? ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆಯೊಂದಕ್ಕೆ ಮಾಡಿಕೊಟ್ಟ ಚಿತ್ರ ನೋಡಿದೆ. ಬಾಗಿಲಲ್ಲಿ ಬಿಳಿ ಕಾರು, ಕೈಯಲ್ಲಿ ಕಾಫಿ ಹಿಡಿದ ವಿದೇಶಿ ದಂಪತಿ. ಮಗ್ಗ ಎಲ್ಲಿ? ಮಗ್ಗದ ಕೋಣೆಗೆ ಬೆಳಕು ಯಾವ ಕಡೆಯಿಂದ? ಹೊಟ್ಟೆಗೆ ಹಾಕುವ ವಸ್ತುವಿಗೇ ಚಿತ್ರದಲ್ಲಿ ಜಾಗವಿಲ್ಲ.

ಇಂಥ ಚಿತ್ರಗಳಲ್ಲಿ ಬಟ್ಟೆ ಒಣಹಾಕುವ ತಂತಿ ಇರುವುದಿಲ್ಲ. ಸಂಪು ಇಲ್ಲ, ಕೊಡಗಳಿಲ್ಲ, ತಾರಸಿಯ ಮೇಲೆ ಹಪ್ಪಳವಿಲ್ಲ, ಮೆಣಸಿನಕಾಯಿಯಿಲ್ಲ. ಗಾಳಿಗಾಲದಲ್ಲಿ ಹೊತ್ತಿಗೆ ಮೂರು ಸಲ ಗುಡಿಸುವ ಕೆಂಪು ಧೂಳಂತೂ ಇಲ್ಲವೇ ಇಲ್ಲ. ಅಂದರೆ ಹೆಂಗಸು ಮಾಡುವ ಕೆಲಸವೆಲ್ಲ ಮಾಯ. ಕೆಲಸ ಕಾಣದಿದ್ದರೆ ಅದಕ್ಕೆ ಜಾಗ ಬಿಡಬೇಕೆಂದು ಯಾರಿಗೆ ಹೊಳೆಯುತ್ತದೆ? ಗೃಹಪ್ರವೇಶವಾದ ಮಾರನೆಯ ದಿನ ತಂತಿ ಕಟ್ಟಲು ಮೊಳೆ ಹುಡುಕುವವಳು ಅವಳೇ. ಆ ಹುಲ್ಲಿಗೆ ಟ್ಯಾಂಕರ್ ನೀರು ಹಾಕಿಸುವವಳೂ ಅವಳೇ.

ಕನಸು ಕಾಣುವುದು ತಪ್ಪೇ ಎಂದು ಕೇಳುವವರಿದ್ದಾರೆ. ಬಾಡಿಗೆ ಮನೆಗಳಲ್ಲಿ ಸವೆದವರು ಒಂದಿಷ್ಟು ಹಸಿರು ಬಯಸಿದರೆ ನಾನೇಕೆ ಅಡ್ಡ ಬರಲಿ? ಎರಡು ಹೊಂಗೆ ಸಸಿ ನೆಡುವ ಜಾಗವನ್ನು ಚಿತ್ರದಲ್ಲೇ ಗುರುತು ಮಾಡಿಕೊಡಲಿ, ಸಂತೋಷ. ಬೆಳೆಯಲು ಎಷ್ಟು ವರ್ಷ ಬೇಕೆಂದೂ ಹೇಳಲಿ.

ಇನ್ನು ಮುಂದೆ ನಿಮ್ಮ ಮನೆಗೆ ಅಂಥ ಚಿತ್ರ ಬಂದರೆ, ಯಜಮಾನರು ತಲೆಯಾಡಿಸುವ ಮೊದಲು ನೀವು ಬಾಯಿ ತೆರೆಯಿರಿ. ನಮ್ಮ ಸೈಟಿನ ಫೋಟೋ ಹಿಂದಿಟ್ಟು, ಏಪ್ರಿಲ್ ತಿಂಗಳ ಸಂಜೆ ನಾಲ್ಕರ ಬಿಸಿಲು ಹಾಕಿ ಇನ್ನೊಂದು ಚಿತ್ರ ಕೊಡಿ ಎನ್ನಿ. ಪಕ್ಕದ ಖಾಲಿ ಸೈಟಿನ ಬಳ್ಳಾರಿ ಜಾಲಿಯೂ ಬರಲಿ, ಕರೆಂಟು ಕಂಬವೂ ಬರಲಿ. ಬಾಕಿ ಹಣ ಆಮೇಲೆ.