ಅಪಘಾತದ ನಂತರ ಗ್ಯಾರೇಜಿನ ಆಯ್ಕೆ ಯಾರದು?

ಸಣ್ಣ ಅಪಘಾತಕ್ಕೆ ಸಿಕ್ಕಿದ ಕಾರನ್ನು ಎಲ್ಲಿ ರಿಪೇರಿ ಮಾಡಿಸಬೇಕೆಂಬುದು ಮಾಲೀಕರ ಇಷ್ಟಕ್ಕೆ ಬಿಟ್ಟ ವಿಷಯವೆಂದು ಎಲ್ಲರೂ ಭಾವಿಸುತ್ತಾರಾದರೂ, ವಾಸ್ತವದಲ್ಲಿ ಆ ತೀರ್ಮಾನ ಬಹಳ ಸಲ ಅವರು ಯೋಚಿಸಲು ತೊಡಗುವ ಮೊದಲೇ ಬೇರೆಯವರಿಂದ ಆಗಿಹೋಗಿರುತ್ತದೆ. ವಿಮಾ ಕಂಪನಿಯ ಸಹಾಯವಾಣಿ ತನ್ನ ಪಟ್ಟಿಯಲ್ಲಿರುವ ಗ್ಯಾರೇಜಿನ ವಿಳಾಸ ಕೊಡುತ್ತದೆ. ಕಾರು ಮಾರಿದ ಶೋರೂಮು, ಹೊರಗೆ ಕೈ ಹಾಕಿಸಿದರೆ ವಾರಂಟಿ ಹೋಗುತ್ತದೆಂದು ಎಚ್ಚರಿಸುತ್ತದೆ. ಡಿಕ್ಕಿ ಹೊಡೆದ ಎದುರಿನ ವಾಹನದವರು ತಮಗೆ ಗೊತ್ತಿರುವ ಟಿಂಕರಿಂಗ್ ಅಂಗಡಿಯಲ್ಲೇ ಸರಿಮಾಡಿಸಿಕೊಡುತ್ತೇವೆಂದು ಹೊರಡಿಸುತ್ತಾರೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ಭಾಗದಲ್ಲಿ ಈ ಮೂರು ಒತ್ತಡಗಳ ಜೊತೆಗೆ ದೂರವೂ ಸೇರಿಕೊಳ್ಳುವುದರಿಂದ, ಆಯ್ಕೆ ಯಾರ ಕೈಯಲ್ಲಿರಬೇಕು, ಯಾವ ಆಧಾರದ ಮೇಲೆ ನಡೆಯಬೇಕು ಎಂಬ ಪ್ರಶ್ನೆಯನ್ನು ಅಲ್ಲಿಂದಲೇ ಪರಿಶೀಲಿಸುವುದು ಉಚಿತ.

ಹುಣಸೂರಿನ ಸಾರಿಗೆ ಕಚೇರಿಯಲ್ಲಿ ನೋಂದಣಿಯಾಗಿ ಕೆಎ 45 ಎಂಬ ಸಂಖ್ಯೆ ಹೊತ್ತ ಈ ಭಾಗದ ಕಾರುಗಳು ಓಡಾಡುವ ರಸ್ತೆಗಳು ಒಂದೇ ಬಗೆಯವಲ್ಲ. ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದು ಮಡಿಕೇರಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಕೊಡಗಿಗೂ ಬೈಲಕುಪ್ಪೆಗೂ ಹೋಗುವ ಪ್ರವಾಸಿ ವಾಹನಗಳ ವೇಗವಿದ್ದರೆ, ಅದೇ ರಸ್ತೆಗೆ ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರುಗಳೂ ಇಳಿಯುತ್ತವೆ. ಎಚ್.ಡಿ. ಕೋಟೆಯಿಂದ ಹ್ಯಾಂಡ್‌ಪೋಸ್ಟ್, ಅಂತರಸಂತೆ ದಾಟಿ ಬಾವಲಿಯತ್ತ ಹೋಗುವ ದಾರಿ ಕಾಡಿನೊಳಗೆ ನುಗ್ಗುತ್ತದೆ, ಅಲ್ಲಿ ಹಂದಿಯೋ ಜಿಂಕೆಯೋ ಅಡ್ಡ ಬಂದರೆ ಮುಂಭಾಗಕ್ಕೆ ಏಟು ಖಂಡಿತ. ಸುಗ್ಗಿಯ ದಿನಗಳಲ್ಲಿ ರಸ್ತೆಯ ಮೇಲೆ ಹರಡಿದ ಹುರುಳಿ, ರಾಗಿ ಹುಲ್ಲು ಚಕ್ರದ ಆಕ್ಸಲ್‌ಗೆ ಸುತ್ತಿಕೊಂಡು ಬಿಸಿಯಾದ ಸೈಲೆನ್ಸರಿನ ಹತ್ತಿರ ಸೇರುವುದು ಬೇರೆಯೇ ಅಪಾಯ. ಇಂಥ ಕಡೆ ಕೆಟ್ಟು ನಿಂತ ಕಾರಿಗೆ ಮೈಸೂರಿನ ದೂರ ಕೆ.ಆರ್. ನಗರದಿಂದ ಸುಮಾರು 40 ಕಿಲೋಮೀಟರ್, ಹುಣಸೂರಿನಿಂದ 45, ಕೋಟೆಯಿಂದ 50, ಪಿರಿಯಾಪಟ್ಟಣದಿಂದ 70.

ಈ ದೂರವನ್ನು ಪಾಲಿಸಿಯ ಷರತ್ತುಗಳ ಪಕ್ಕದಲ್ಲಿಟ್ಟು ಓದಿದಾಗ ಒಂದು ವಿರೋಧಾಭಾಸ ಕಣ್ಣಿಗೆ ಬೀಳುತ್ತದೆ. ಸ್ವಂತ ವಾಹನದ ಹಾನಿಯನ್ನೂ ಇತರರಿಗಾದ ನಷ್ಟವನ್ನೂ ಒಟ್ಟಿಗೆ ಭರಿಸುವ ವಿಮೆಗೆ ಪ್ಯಾಕೇಜ್ ಪಾಲಿಸಿ ಎನ್ನುತ್ತಾರೆ. ಖಾಸಗಿ ಕಾರುಗಳ ಪ್ರಮಾಣಿತ ಪ್ಯಾಕೇಜ್ ಪಾಲಿಸಿಯು ಅಪಘಾತವಾದ ವಾಹನವನ್ನು ಹತ್ತಿರದ ರಿಪೇರಿಗಾರರಲ್ಲಿಗೆ ಎಳೆದೊಯ್ಯಲು ಒಂದು ಅಪಘಾತಕ್ಕೆ 1,500 ರೂಪಾಯಿಯವರೆಗೆ ಮಾತ್ರ ಕೊಡುತ್ತದೆ. ಷರತ್ತಿನಲ್ಲಿರುವುದು ಹತ್ತಿರದ ರಿಪೇರಿಗಾರ ಎಂಬ ಮಾತು. ಆದರೆ ಗ್ರಾಹಕರು ಹಣ ಕೊಡದೆ ವಿಮಾ ಕಂಪನಿಯೇ ಗ್ಯಾರೇಜಿಗೆ ನೇರವಾಗಿ ಪಾವತಿಸುವ ಕ್ಯಾಷ್‌ಲೆಸ್ ಸೌಲಭ್ಯ ಆ ಕಂಪನಿಯೊಂದಿಗೆ ಒಪ್ಪಂದವಿರುವ ಗ್ಯಾರೇಜುಗಳಲ್ಲಿ ಮಾತ್ರ ಸಿಗುವುದರಿಂದ, ಮತ್ತು ಬಣ್ಣ ಒಣಗಿಸುವ ಬೂತು, ಚಾಸಿ ಅಳೆಯುವ ಬೆಂಚು ಇರುವ ದೊಡ್ಡ ಬಾಡಿ ಶಾಪುಗಳು ಹೆಚ್ಚಾಗಿ ಮೈಸೂರಿನಲ್ಲೇ ಇರುವುದರಿಂದ, ಪಿರಿಯಾಪಟ್ಟಣದ ಕಾರು ಹತ್ತಿರದ ರಿಪೇರಿಗಾರರನ್ನು ದಾಟಿಕೊಂಡು 70 ಕಿಲೋಮೀಟರ್ ಹೋಗಬೇಕಾಗುತ್ತದೆ. ಟೋಯಿಂಗ್ ಬಾಡಿಗೆ ಆ ಮಿತಿಯನ್ನು ಮೀರಿದರೆ ಉಳಿದದ್ದು ಮಾಲೀಕರ ಜೇಬಿನಿಂದ. ಖರ್ಚು ಉಳಿಸಲೆಂದು ಕಾರನ್ನು ಹಾಗೆಯೇ ಓಡಿಸಿಕೊಂಡು ಹೋದರೆ ಇನ್ನೂ ಕಷ್ಟ: ಅಗತ್ಯವಾದ ರಿಪೇರಿ ಆಗುವ ಮೊದಲೇ ವಾಹನ ಓಡಿಸಿದರೆ ಅದರಿಂದ ಹೆಚ್ಚಾದ ಹಾನಿ ಪೂರ್ತಿಯಾಗಿ ಮಾಲೀಕರ ಹೊಣೆ ಎಂದು ಅದೇ ಪಾಲಿಸಿ ಹೇಳುತ್ತದೆ. ಬಂಪರು ಒಳಕ್ಕೆ ಒತ್ತಿ ರೇಡಿಯೇಟರಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ, ಕೂಲೆಂಟ್ ಸೋರಿ ಬಿಳಿಕೆರೆ ದಾಟುವಷ್ಟರಲ್ಲಿ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಸುಡಬಹುದು. ಆಗ ಬಂಪರಿನ ಕ್ಲೈಮ್ ಸಿಕ್ಕಿದರೂ ಎಂಜಿನ್ನಿನದು ಸಿಗುವುದಿಲ್ಲ. ಆದ್ದರಿಂದ ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ ಮಾಡುವ ಮೊದಲ ತಪಾಸಣೆ, ಮುಂದೆ ಕಾರು ಎಲ್ಲಿಗೇ ಹೋಗಲಿ, ಅನಿವಾರ್ಯವಾದದ್ದು. ಕ್ಯಾಷ್‌ಲೆಸ್ ಇಲ್ಲದ ಗ್ಯಾರೇಜಿನಲ್ಲಿ ಮಾಡಿಸಿ, ಬಿಲ್ ಸಲ್ಲಿಸಿ ಹಣ ಮರಳಿ ಪಡೆಯುವ ದಾರಿಯೂ ಮುಕ್ತವಾಗಿದೆ. ಅದಕ್ಕೆ ಮೊದಲು ಕಂಪನಿಗೆ ತಿಳಿಸಿ, ಅಂದಾಜು ಪಟ್ಟಿ ಕೊಟ್ಟು, ಸರ್ವೇಯರ್ ನೋಡುವವರೆಗೆ ಕೆಲಸಕ್ಕೆ ಕೈ ಹಾಕಿಸಬಾರದಷ್ಟೆ. ಸರ್ವೇಯರ್ ಎಂದರೆ ನಷ್ಟ ಎಷ್ಟೆಂದು ನಿರ್ಧರಿಸುವ, ವಿಮಾ ನಿಯಂತ್ರಣ ಪ್ರಾಧಿಕಾರದ ಪರವಾನಗಿ ಪಡೆದ ತಜ್ಞ. ಹಾಗೆ ತಿಳಿಸದೆ ಮಾಲೀಕರೇ ಅನುಮತಿಸಬಹುದಾದ ರಿಪೇರಿಯ ಮಿತಿಯಾಗಿ ಪ್ರಮಾಣಿತ ಪಾಲಿಸಿಯಲ್ಲಿರುವುದು 500 ರೂಪಾಯಿ, ಇಂದು ಒಂದು ಸೈಡ್ ಮಿರರಿಗೂ ಸಾಲದ ಮೊತ್ತ.

ವಿಮೆಯ ತನಕ ಹೋಗದೆ ರಸ್ತೆಯಲ್ಲೇ ಮುಗಿಯುವ ಪ್ರಕರಣಗಳು ಬಹಳ. ಎರಡು ವಾಹನಗಳು ಉಜ್ಜಿಕೊಂಡಾಗ ಸುತ್ತ ಜನ ಸೇರಿ, ಹಿರಿಯರೊಬ್ಬರು ಮಾತಾಡಿ, ತಪ್ಪು ಯಾರದೆಂದು ಗೊತ್ತುಮಾಡಿ, ಇಷ್ಟು ಕೊಟ್ಟುಬಿಡಿ ಎಂದು ರಾಜಿ ಮಾಡಿಸುವ ಪದ್ಧತಿ ಈ ಊರುಗಳಲ್ಲಿ ಇನ್ನೂ ಬಲವಾಗಿದೆ. ಕೋರ್ಟು ಕಚೇರಿ ಅಲೆಯುವುದನ್ನು ತಪ್ಪಿಸುವ ಈ ಪದ್ಧತಿಯನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಆದರೆ ಯಾರಿಗಾದರೂ ಗಾಯವಾಗಿದ್ದರೆ ಪೊಲೀಸರಿಗೆ ತಿಳಿಸುವುದು ಚಾಲಕರ ಕಾನೂನುಬದ್ಧ ಕರ್ತವ್ಯವಾದ್ದರಿಂದ, ಅಲ್ಲಿ ಇಂಥ ರಾಜಿಗೆ ಜಾಗವಿಲ್ಲ. ಬರೀ ತಗಡಿನ ಹಾನಿಯಾದ ಕಡೆಯೂ ಈ ನ್ಯಾಯಕ್ಕೆ ಒಂದು ಮೂಲಭೂತ ದೋಷವಿದೆ: ಮೊತ್ತ ನಿಗದಿಯಾಗುವುದು ಹೊರಗಿನಿಂದ ಕಂಡ ಗಾಯದ ಮೇಲೆ. ಬಂಪರು ಬಿಚ್ಚುವ ತನಕ ಅದರ ಹಿಂದಿನ ಲೋಹದ ಪಟ್ಟಿ ಬಾಗಿದೆಯೋ, ಹೆಡ್‌ಲೈಟಿನ ಹಿಡಿಕೆ ಮುರಿದಿದೆಯೋ, ಸೆನ್ಸರಿನ ತಂತಿ ಕಿತ್ತಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಹಣ ಕೈ ಸೇರಿ ಎಲ್ಲರೂ ಚದುರಿದ ಮೇಲೆ ಗ್ಯಾರೇಜಿನಲ್ಲಿ ಅದು ಗೊತ್ತಾದರೆ ಯಾರನ್ನೂ ಕೇಳುವಂತಿಲ್ಲ. ರಾಜಿ ಮಾಡಿಕೊಳ್ಳುವುದಾದರೆ ಬಂಪರು ಬಿಚ್ಚಿ ನೋಡಿದ ನಂತರ ಮಾಡಿಕೊಳ್ಳುವುದೇ ಎರಡೂ ಕಡೆಯವರಿಗೆ ನ್ಯಾಯ.

ಒಳಗಿನ ಹಾನಿಗೆ ಇಷ್ಟು ಒತ್ತು ಕೊಡಬೇಕಾದ ಕಾರಣ ಇಂದಿನ ಕಾರುಗಳ ಕಟ್ಟಣೆಯಲ್ಲಿದೆ. ಹಳೆಯ ಜೀಪಿನಲ್ಲಿ, ಈಗಲೂ ಹಳ್ಳಿಗಳಲ್ಲಿ ಓಡಾಡುವ ಬೊಲೆರೊದಲ್ಲಿ, ಭಾರ ಹೊರುವ ಚಾಸಿ ಬೇರೆ, ಅದರ ಮೇಲೆ ಕೂರಿಸಿದ ಬಾಡಿ ಬೇರೆ. ಆಲ್ಟೊ, ಸ್ವಿಫ್ಟ್‌ನಂಥ ಕಾರುಗಳಲ್ಲಿ ಬಾಡಿಯೇ ಚಾಸಿ. ಇದಕ್ಕೆ ಮೊನೊಕಾಕ್ ಕಟ್ಟಣೆ ಎಂದು ಹೆಸರು. ಇಲ್ಲಿ ಮುಂಭಾಗದ ಕೆಲವು ಉಕ್ಕಿನ ಕಂಬಿಗಳನ್ನು, ಡಿಕ್ಕಿಯಾದಾಗ ತಾವೇ ಮಡಚಿಕೊಂಡು ಏಟಿನ ಬಲವನ್ನು ನುಂಗಿ ಒಳಗೆ ಕುಳಿತವರನ್ನು ಉಳಿಸುವಂತೆ ಲೆಕ್ಕ ಹಾಕಿ ಮಾಡಿರುತ್ತಾರೆ. 2017ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೆ ಡಿಕ್ಕಿ ಪರೀಕ್ಷೆ ಕಡ್ಡಾಯವಾದ ಮೇಲೆ ಈ ಲೆಕ್ಕಕ್ಕೆ ಇನ್ನೂ ಮಹತ್ವ ಬಂದಿದೆ. ಇಂಥ ಕಂಬಿಯೊಂದು ಬಾಗಿದಾಗ ಗ್ಯಾಸ್ ಬೆಂಕಿಯಿಂದ ಕಾಯಿಸಿ ನೆಟ್ಟಗೆ ಮಾಡಿದರೆ ನೋಡಲು ಸರಿಯಾದೀತು, ಆದರೆ ಗಟ್ಟಿ ಉಕ್ಕು ಕಾವಿಗೆ ತನ್ನ ಬಲ ಕಳೆದುಕೊಂಡಿರುತ್ತದೆ ಮತ್ತು ಮುಂದಿನ ಅಪಘಾತದಲ್ಲಿ ಅದು ಮಡಚಿಕೊಳ್ಳಬೇಕಾದ ಹಾಗೆ ಮಡಚಿಕೊಳ್ಳುವುದಿಲ್ಲ. ಏರ್‌ಬ್ಯಾಗಿನ ಸೆನ್ಸರು, ಗಾಜಿನ ಹಿಂದಿನ ಕ್ಯಾಮೆರಾ, ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಕವಚ ಇವೂ ಇದೇ ವರ್ಗಕ್ಕೆ ಸೇರಿದವು. ಇಲ್ಲಿ ಅಳೆಯುವ ಉಪಕರಣವೂ ಕಂಪನಿಯ ಅಳತೆಗಳೂ ಇರುವ ಕಡೆಗೆ ಕಾರನ್ನು ಕೊಂಡೊಯ್ಯಲೇಬೇಕು, ಎಷ್ಟೇ ದೂರವಾದರೂ.

ಹಾನಿ ಚರ್ಮದ ಮಟ್ಟದ್ದಾದರೆ, ಎಂದರೆ ಬಾಗಿಲು, ಫೆಂಡರು, ಡಿಕ್ಕಿಯ ಮುಚ್ಚಳದಂಥ ತಗಡಿನದಾದರೆ, ತೀರ್ಮಾನ ತಿರುಗಿ ನಿಲ್ಲುತ್ತದೆ. ದೊಡ್ಡ ಬಾಡಿ ಶಾಪುಗಳಲ್ಲಿ ಕೂಲಿಯ ಗಂಟೆ ದುಬಾರಿಯಾದ್ದರಿಂದ ತಗ್ಗು ತೆಗೆಯುವ ಬದಲು ಇಡೀ ಭಾಗವನ್ನೇ ಬದಲಾಯಿಸುವ ಒಲವು ಇರುತ್ತದೆ. ತಾಲ್ಲೂಕಿನ ಒಳ್ಳೆಯ ಟಿಂಕರ್ ತಗ್ಗಿನ ಒಳಬದಿಗೆ ಡಾಲಿ ಎಂಬ ಕಬ್ಬಿಣದ ಗಟ್ಟಿಯನ್ನು ಆನಿಸಿ ಹಿಡಿದು, ಹೊರಗಿನಿಂದ ತೆಳ್ಳನೆಯ ಸುತ್ತಿಗೆಯಲ್ಲಿ ಅಂಚಿನಿಂದ ನಡುವಿಗೆ ಬಡಿಯುತ್ತ, ಕೈ ಹೋಗದ ಕಡೆ ಸಣ್ಣ ವಾಷರುಗಳನ್ನು ಬೆಸೆದು ಎಳೆಯುತ್ತ, ನಡುನಡುವೆ ಅಂಗೈ ಆಡಿಸಿ ಉಬ್ಬುತಗ್ಗು ನೋಡುತ್ತ, ಕಾರಿನ ಮೂಲ ತಗಡನ್ನೇ ಮೊದಲಿನ ಆಕಾರಕ್ಕೆ ತರುತ್ತಾನೆ. ಹಾಗೆ ತಂದ ಮೇಲೆ ಬೇಕಾಗುವ ಪಟ್ಟಿ, ಅಂದರೆ ಒರಟನ್ನು ಮುಚ್ಚಲು ಬಳಿಯುವ ಲೇಪ, ತೀರ ತೆಳುವಾದದ್ದು. ಕೈಗೆಲಸ ಸರಿಯಿಲ್ಲದವನು ತಗ್ಗನ್ನು ಅರ್ಧ ಎತ್ತಿ ಉಳಿದದ್ದನ್ನು ಪಟ್ಟಿಯಿಂದಲೇ ತುಂಬುತ್ತಾನೆ. ಬಣ್ಣ ಬಿದ್ದ ಮೇಲೆ ಎರಡೂ ಒಂದೇ ತರಹ ಹೊಳೆಯುತ್ತವೆ, ದಪ್ಪ ಪಟ್ಟಿ ಬಿಸಿಲು ಮಳೆಗೆ ಬಿರುಕು ಬಿಟ್ಟಾಗಲೇ ವ್ಯತ್ಯಾಸ ತಿಳಿಯುವುದು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಆ ಜಾಗಕ್ಕೆ ಹಿಡಿದರೆ ಸೆಳೆತ ಕಡಿಮೆಯಾಗುವುದರಿಂದ ಪಟ್ಟಿಯ ದಪ್ಪ ಪತ್ತೆಯಾಗುತ್ತದೆ.

ಈ ಕಾರಣದಿಂದಲೇ ಗ್ಯಾರೇಜಿನ ಗುಣವನ್ನು ಅದರ ಬೋರ್ಡಿನಿಂದಲೋ ಹೊಳೆಯುವ ನೆಲದಿಂದಲೋ ಅಳೆಯುವುದಕ್ಕಿಂತ, ಟಿಂಕರಿಂಗ್ ಮುಗಿದು ಬಣ್ಣ ಬೀಳುವ ಮೊದಲು ಮಾಲೀಕರನ್ನು ಕರೆದು ತೋರಿಸಲು ಅದು ಸಿದ್ಧವಿದೆಯೇ ಎಂಬುದರಿಂದ ಅಳೆಯುವುದು ಹೆಚ್ಚು ನಂಬಲರ್ಹ. ತಾಲ್ಲೂಕು ಗ್ಯಾರೇಜಿನ ನಿಜವಾದ ಅನುಕೂಲ ಇಲ್ಲಿದೆ. ಕೆ.ಆರ್. ನಗರದ ಮಾಲೀಕರು ಸಂಜೆ ಮನೆಗೆ ಹೋಗುವಾಗ ಅಂಗಡಿಯ ಮುಂದೆ ನಿಂತು ಬರಿಯ ತಗಡನ್ನು ನೋಡಬಹುದು. ಮೈಸೂರಿನ ವರ್ಕ್‌ಶಾಪಿಗೆ ಕಾರು ಬಿಟ್ಟವರು ಅದನ್ನು ನೋಡುವುದು ಬಣ್ಣ ಹೊಳೆಯುತ್ತಿರುವಾಗ, ಕೀಲಿ ಕೈಗೆ ಬರುವಾಗ. ಫೋಟೊ ಕಳಿಸಿ ಎಂದು ಕೇಳುವ ಹಕ್ಕನ್ನು ಮಾಲೀಕರು ಬಳಸಿದರೆ ಈ ಅಂತರ ಸ್ವಲ್ಪ ಕಡಿಮೆಯಾಗುತ್ತದೆ.

ಹಣದ ಲೆಕ್ಕವೂ ಸಣ್ಣ ಹಾನಿಯಲ್ಲಿ ಹೊರನೋಟಕ್ಕೆ ಕಾಣುವಂತಿಲ್ಲ. ವಿಮೆಯವರು ಭಾಗಗಳ ಸವೆತವನ್ನು ಕಳೆದು ಕೊಡುತ್ತಾರೆ: ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ. 50, ಲೋಹದ ಭಾಗಗಳಿಗೆ ಕಾರಿನ ವಯಸ್ಸು ನಾಲ್ಕು ದಾಟಿ ಐದರೊಳಗಿದ್ದರೆ ಶೇ. 35, ಗಾಜಿಗೆ ಕಡಿತವಿಲ್ಲ. ಈ ಕಡಿತವನ್ನು ಮನ್ನಾ ಮಾಡುವ ಝೀರೋ ಡೆಪ್ ಎಂಬ ಹೆಚ್ಚುವರಿ ರಕ್ಷಣೆ ಕೊಂಡಿರದಿದ್ದರೆ 6,000 ರೂಪಾಯಿಯ ಬಂಪರಿಗೆ ಸಿಗುವುದು 3,000. ಅದರಲ್ಲಿ 1,500 ಸಿಸಿಯೊಳಗಿನ ಕಾರಿಗೆ ಕಡ್ಡಾಯ ಕಡಿತ 1,000. ಇದರ ಜೊತೆಗೆ, ಕ್ಲೈಮ್ ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೈಮ್ ಬೋನಸ್ ಎಂಬ ರಿಯಾಯಿತಿ ಶೇ. 20ರಿಂದ 25, 35, 45ರ ಮೂಲಕ ಏರಿ ಶೇ. 50ಕ್ಕೆ ನಿಂತಿರುವವರು ಒಮ್ಮೆ ಕ್ಲೈಮ್ ಮಾಡಿದರೆ ಅದು ಸೊನ್ನೆಗಿಳಿದು ಮತ್ತೆ ಮೊದಲಿನಿಂದ ಏರಬೇಕು. ಸ್ವಂತ ಹಾನಿಯ ಕಂತು ಪ್ರತಿವರ್ಷ 10,000 ರೂಪಾಯಿ ಎಂದಿಟ್ಟುಕೊಂಡರೆ ಐದು ನವೀಕರಣಗಳಲ್ಲಿ ಕಳೆದುಕೊಳ್ಳುವ ರಿಯಾಯಿತಿ ಒಟ್ಟು 12,500. ಕಾರಿನ ಬೆಲೆ ಇಳಿದಂತೆ ಕಂತೂ ಇಳಿಯುವುದರಿಂದ ನಷ್ಟ ಇದಕ್ಕಿಂತ ತುಸು ಕಡಿಮೆಯಾದೀತು, ಆದರೂ 2,000 ರೂಪಾಯಿ ಪಡೆಯಲು ಅಷ್ಟನ್ನು ಬಿಡುವುದು ಜಾಣತನವಲ್ಲ. ಉಚಿತವೆಂಬ ಭಾವನೆಯಿಂದ ಸಣ್ಣ ಗೀರಿಗೂ ಕ್ಲೈಮ್ ಮಾಡಿಸುವ ಸಲಹೆ ಹೆಚ್ಚಾಗಿ ಬರುವುದು ಬಿಲ್ ದೊಡ್ಡದಾಗುವುದರಿಂದ ಲಾಭವಿರುವವರಿಂದಲೇ.

ವಾರಂಟಿಯ ಭಯವೂ ಅದು ಹುಟ್ಟಿಸುವಷ್ಟು ಗಟ್ಟಿಯಾದುದಲ್ಲ. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ವಿಧಿಸಿತು. ಸ್ವತಂತ್ರ ಗ್ಯಾರೇಜಿಗೆ ಹೋದರೆಂಬ ಒಂದೇ ಕಾರಣಕ್ಕೆ ವಾರಂಟಿಯನ್ನು ಇಡಿಯಾಗಿ ರದ್ದು ಮಾಡುವುದನ್ನೂ ಅದು ತಪ್ಪೆಂದು ಕಂಡಿತು. ಆದೇಶ ಮೇಲ್ಮನವಿಗಳಿಗೆ ಒಳಗಾಯಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿದಾಗ ಕಾರುಗಳ ಜೊತೆಗೆ ಕೃಷಿ ಯಂತ್ರಗಳನ್ನೂ ಸೇರಿಸಿಕೊಂಡಿತು. ಆದರೆ ಕೋಟೆಯ ಮೆಕ್ಯಾನಿಕ್ಕಿಗೆ ಕಂಪನಿಯ ಅಳತೆ ಪಟ್ಟಿಯೂ ಸ್ಕ್ಯಾನರೂ ಸುಲಭ ಬೆಲೆಗೆ ಸಿಗುವ ತನಕ ಈ ಹಕ್ಕು ಕಾಗದದ ಮೇಲಿನದೇ. ಕೌಶಲವಿದ್ದೂ ಮಾಹಿತಿಯಿಲ್ಲದೆ ಹಿಂದುಳಿದವನನ್ನು ಅಧಿಕೃತನಲ್ಲವೆಂದು ದೂರವಿಡುವುದು ಅನ್ಯಾಯ.

ಹಾಗೆಂದು ಊರಿನ ಗ್ಯಾರೇಜಿನ ಪರಿಚಯವನ್ನೇ ಭರವಸೆಯೆಂದು ತಿಳಿಯುವಂತಿಲ್ಲ. ಹೊಗೆಸೊಪ್ಪಿನ ಹರಾಜಿನ ದುಡ್ಡು ಬಂದ ಮೇಲೆ ಕೊಡಿ ಎಂದು ಬಾಕಿ ಬರೆದುಕೊಳ್ಳುವ ಗ್ಯಾರೇಜು ರೈತ ಕುಟುಂಬಕ್ಕೆ ಮಾಡುವ ಉಪಕಾರ ದೊಡ್ಡದು, ಮೈಸೂರಿನ ಯಾವ ಶೋರೂಮೂ ಅದನ್ನು ಮಾಡುವುದಿಲ್ಲ. ಆದರೆ ಅದೇ ಉಪಕಾರದ ದಾಕ್ಷಿಣ್ಯದಿಂದ ಬಿಲ್ ಕೇಳಲು, ಹಾಕಿದ ಭಾಗ ಕಂಪನಿಯದೋ ನಕಲಿಯೋ ಎಂದು ವಿಚಾರಿಸಲು, ತೆಗೆದ ಹಳೆಯ ಭಾಗ ತೋರಿಸಿ ಎನ್ನಲು ಬಾಯಿ ಬರುವುದಿಲ್ಲ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದಿದ್ದರೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಆದರೆ ನೋಂದಣಿಯಿಲ್ಲದವರೂ ಭಾಗ ಮತ್ತು ಕೂಲಿಯನ್ನು ಬೇರೆಬೇರೆಯಾಗಿ ಬರೆದು, ದಿನಾಂಕ ಹಾಕಿ, ಸಹಿ ಮಾಡಿದ ಬಿಲ್ ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದಾದ್ದರಿಂದ, ಬೆಂಗಳೂರಿನಲ್ಲಿ ಕೆಟ್ಟ ಕೆಲಸ ಮಾಡಿಸಿಕೊಂಡ ಪಿರಿಯಾಪಟ್ಟಣದವರೂ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಪಾವತಿಸಿದ ಮೊತ್ತ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ವಿಮಾ ಕಂಪನಿ ಕ್ಲೈಮ್ ತಡೆದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಎರಡೂ ಕಡೆ ಮೊದಲು ಕೇಳುವುದು ಅಂದಾಜು ಪಟ್ಟಿ, ಬಿಲ್ಲು, ಬಣ್ಣಕ್ಕೆ ಮುಂಚಿನ ಫೋಟೊ. ದಪ್ಪ ಪಟ್ಟಿ ತಾನು ಹಾಕಿದ್ದಲ್ಲ, ಹಿಂದಿನ ಮಾಲೀಕರ ಕಾಲದ್ದು ಎಂದು ಹೇಳಬೇಕಾಗಿ ಬಂದ ಪ್ರಾಮಾಣಿಕ ಟಿಂಕರಿಗೂ ಅವೇ ಕಾಗದಗಳು ಸಾಕ್ಷಿಯಾಗುತ್ತವೆ.